ಕೊಂಬು ಹೂತ ಜಾಗ

ಏಪ್ರಿಲ್ 14

ಮರಕುಟಿಗಾ,

ನೀನು ಪೀಪಾಯಿ ಕಟ್ಟುವ ಕಾರ್ಖಾನೆಯ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ. ಮನೆಗೆ ಬರೆದರೆ ನಿನ್ನ ಹೆಂಡತಿ ಮೊದಲು ಒಡೆದು ಓದಿ, "ಅತ್ತಿಗೆಗೆ ಈ ಸಲ ಯಾರ ಮೇಲೆ ಅನುಮಾನವಂತೆ?" ಎಂದು ನಗುತ್ತಾಳೆ. ನಗುತ್ತಾಳೆ ಎನ್ನುವುದೂ ನನ್ನ ಅನುಮಾನವೇ ಇರಬಹುದು. ಆದರೂ ಹುಷಾರಾಗಿರುವುದು ಒಳ್ಳೆಯದು.

ನಿನ್ನೆ ತಾತನ ಪೀಪಾಯಿಯಲ್ಲಿ ಮೊದಲ ಸಲ ಕಲಕಿದೆ. ಫೆಬ್ರವರಿಯಲ್ಲಿ ನೀನು ಬಂದು, ವಾರವಿಡೀ ಕೂತು, ಮೂರು ಹಲಗೆ ಬದಲಿಸಿ, ಒಳಗೆ ಬೆಂಕಿ ಕಾಯಿಸಿ, ಪಟ್ಟಿ ಬಿಗಿದು ಕೊಟ್ಟೆಯಲ್ಲ, ಒಂದು ಹನಿ ಸೋರಲಿಲ್ಲ. ಚಳಿಗೆ ಮುಂಚೆ ಹೂತಿದ್ದ ಅರವತ್ತನಾಲ್ಕು ಹಸುವಿನ ಕೊಂಬುಗಳನ್ನೂ ಅಗೆದು ತೆಗೆದೆವು. ಒಳಗೆ ತುಂಬಿದ್ದ ಸಗಣಿ ಕಪ್ಪು ಮಣ್ಣಾಗಿ ಕಾಡಿನ ನೆಲದ ವಾಸನೆ ಬರುತ್ತಿತ್ತು. ಅದರಲ್ಲಿ ಒಂದು ಹಿಡಿ, ಪೀಪಾಯಿ ತುಂಬ ಮಳೆನೀರು, ಒಂದು ಗಂಟೆ ಕೈ ಬಿಡದೆ ಕಲಕುವುದು. ಒಂದು ದಿಕ್ಕಿಗೆ ತಿರುಗಿಸಿ, ನಡುವೆ ತಳ ಕಾಣುವಷ್ಟು ಸುಳಿ ಎದ್ದ ಕೂಡಲೇ ಎದುರು ದಿಕ್ಕಿಗೆ. ಸಂಜೆ ಆ ನೀರನ್ನು ತೋಟದ ನೆಲಕ್ಕೆಲ್ಲ ಚಿಮುಕಿಸಿದೆವು. ಹಳೆಯ ಪ್ಲಾಸ್ಟಿಕ್ ಡ್ರಮ್ಮನ್ನು ಕೋಳಿಗೂಡಿನ ಹಿಂದಕ್ಕೆ ಉರುಳಿಸಿದ್ದೇನೆ.

ಕತ್ತರಿಯಜ್ಜ ಗೋಡೆಗೆ ಒರಗಿ ನೋಡುತ್ತ ನಿಂತಿದ್ದ. ಮೂವತ್ತೆಂಟು ವರ್ಷದಿಂದ ನಮ್ಮ ದ್ರಾಕ್ಷಿಬಳ್ಳಿ ಸವರುತ್ತಿರುವವನು, ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತವನು ಎಂಬ ಸಲಿಗೆ ಅವನಿಗೆ. "ನಿಮ್ಮಪ್ಪ ಹತ್ತು ನಿಮಿಷದಲ್ಲಿ ಔಷಧಿ ಕಲಸಿ, ಹೊಡೆದು, ಕೈ ತೊಳ್ಕೊಂಡು ಊಟಕ್ಕೆ ಕೂರ್ತಿದ್ರು. ನೀನು ನೋಡಿದ್ರೆ ಒಂದು ಗಂಟೆ ನೀರು ತಿರುಗಿಸ್ತೀಯ" ಅಂದ. ನಾನು ಕಲಕುತ್ತಲೇ ಇದ್ದೆ. ಇದು ಮೂರನೆಯ ವರ್ಷ. ಬರುವ ಜನವರಿಗೆ ರಾಸಾಯನಿಕ ಮುಟ್ಟದೆ ಕೊಂಬಿನ ಗೊಬ್ಬರದಲ್ಲೇ ಬೆಳೆಯುವ ಬಯೋಡೈನಾಮಿಕ್ ತೋಟವೆಂಬ ಪ್ರಮಾಣಪತ್ರ ಕೈಗೆ ಬಂದರೆ ಅದೇ ಉತ್ತರ.

ಫೆಬ್ರವರಿಯಲ್ಲಿ ತಂದ ಹೊಸ ಕೊಂಬುಗಳಲ್ಲಿ ಎರಡನ್ನು ವಾಪಸು ಕಳಿಸಿದೆ. ಕರು ಹಾಕಿದ ಹಸುವಿನ ಕೊಂಬಿನ ಬುಡದಲ್ಲಿ ಉಂಗುರದಂಥ ಗೆರೆ ಇರುತ್ತದೆ, ಅವೆರಡರಲ್ಲಿ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳಲ್ಲ ನಾನು.

ನಿನ್ನ ಅಕ್ಕ


ಮೇ 3

ಅಕ್ಕಾ,

ಪತ್ರ ಸೇರಿತು. ನಿನ್ನ ನಾದಿನಿಗೆ, ಅಂದರೆ ನನ್ನ ಹೆಂಡತಿಗೆ, ನಾನೇ ಓದಿ ಹೇಳಿದೆ. ನಕ್ಕಳು. ನಿನ್ನ ಒಂದು ಅನುಮಾನವಂತೂ ನಿಜವಾಯಿತು.

ಇಲ್ಲಿ ಕೆಲಸ ಹೆಚ್ಚು. ದಿನಕ್ಕೆ ಆರು ಪೀಪಾಯಿಗಳ ಹೊಟ್ಟೆಯಲ್ಲಿ ಬೆಂಕಿ ಹಾಕುತ್ತೇವೆ. ಸುಟ್ಟ ಮರದ ವಾಸನೆ ಅಂಗಿಯಿಂದ ಹೋಗುವುದೇ ಇಲ್ಲ.

ಒಂದು ಮಾತು. ಪೀಪಾಯಿಯನ್ನು ಬಳಸುವ ಮುಂಚೆ ಬಿಸಿನೀರು ತುಂಬಿ ಮೂರು ಸಲ ಚೆಲ್ಲು ಎಂದಿದ್ದೆ, ಚೆಲ್ಲಿದೆಯಾ? ಇನ್ನೂ ಮೂರು ಸಲ ಚೆಲ್ಲಿದರೂ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಹಳೆಯ ಮರ ದಿನಾ ನೆನೆಯುವುದು ಅದಕ್ಕೆ ಒಳ್ಳೆಯದಲ್ಲ. ಮುಂಬಾಗಿಲ ಕೋಣೆಯಲ್ಲಿ ನೋಡುವುದಕ್ಕೆ ಇಟ್ಟುಕೊ. ಕಲಕುವುದಕ್ಕೆ ಪ್ಲಾಸ್ಟಿಕ್ ಡ್ರಮ್ಮು ಸಾಕು. ಕೊಂಬಿಗೆ ಕಣ್ಣಿಲ್ಲ, ತಾನು ಯಾವುದರಲ್ಲಿ ಕರಗುತ್ತಿದ್ದೇನೆ ಎಂದು ಅದು ನೋಡುವುದಿಲ್ಲ.

ಕತ್ತರಿಯಜ್ಜನಿಗೆ ಕೇಳಿದೆನೆಂದು ಹೇಳು.

ತಮ್ಮ


ಆಗಸ್ಟ್ 9

ಮರಕುಟಿಗಾ,

ತೋಟದ ಎಲೆಯಲ್ಲಿ ವಿಷ ಸಿಕ್ಕಿದೆ.

ಪ್ರಮಾಣಪತ್ರ ಕೊಡುವ ಕಡೆಯ ತಪಾಸಣೆಯಮ್ಮ ಜುಲೈ ಕೊನೆಗೆ ಬಂದು ನಾಲ್ಕು ಕಡೆಯಿಂದ ಎಲೆ ಕೊಯ್ದು ಕಾಗದದ ಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದಳು. ನಿನ್ನೆ ವರದಿ ತಂದುಕೊಟ್ಟಳು. ಬಹಳ ಕಡಿಮೆ, ಕುರುಹು ಮಾತ್ರ, ಆದರೂ ಇದೆ. ಹೆಸರು ಓದಿದ ಕೂಡಲೇ ಅಪ್ಪನ ಅಂಗಿಯ ವಾಸನೆ ಬಂದಂತಾಯಿತು. ಅವರು ಹುಳಕ್ಕೆ ಹೊಡೆಯುತ್ತಿದ್ದದ್ದು ಅದೇ. "ಇದನ್ನು ಇಪ್ಪತ್ತೈದು ವರ್ಷದಿಂದ ಯಾರೂ ಮಾರ್ತಾ ಇಲ್ಲ, ನಿಮ್ಮ ತೋಟಕ್ಕೆ ಹೇಗೆ ಬಂತು?" ಎಂದು ಕೇಳಿದಳು. ನಾನು ಕಳ್ಳಿಯ ಹಾಗೆ ನಿಂತಿದ್ದೆ. ಕೊಯ್ಲಾದ ಮೇಲೆ, ನವೆಂಬರಿನಲ್ಲಿ ಮಣ್ಣು ಪರೀಕ್ಷಿಸಲು ಮತ್ತೆ ಬರುತ್ತಾಳೆ. ಆಗಲೂ ಸಿಕ್ಕರೆ ಮೂರು ವರ್ಷ ನೀರಿನಲ್ಲಿ ಹೋಮ.

ಈ ಬೇಸಿಗೆಯಲ್ಲಿ ಎಲೆಗೆ ನಾನು ಹೊಡೆದದ್ದು ಒಂದೇ. ಕೊಂಬಿನಲ್ಲಿಟ್ಟ ಬೆಣಚುಕಲ್ಲಿನ ಪುಡಿ, ಚಿಟಿಕೆಯಷ್ಟು, ತಾತನ ಪೀಪಾಯಿಯಲ್ಲಿ ಒಂದು ಗಂಟೆ ಕಲಕಿ, ಮೂರು ಬೆಳಗ್ಗೆ. ಅದರಲ್ಲಿ ವಿಷ ಎಲ್ಲಿಂದ ಬರಬೇಕು? ನನ್ನ ಅನುಮಾನ ಪಕ್ಕದ ತೋಟದವನ ಮೇಲೆ, ಅದೇ ನಮ್ಮ ಹೊಗೆಬಂಡಿ. ಅವನ ಟ್ರ್ಯಾಕ್ಟರು ಔಷಧದ ಮೋಡವನ್ನೇ ಎಳೆದುಕೊಂಡು ಓಡಾಡುತ್ತದೆ. ಬೇಲಿಯುದ್ದಕ್ಕೂ ಹನ್ನೆರಡು ಬಿಳಿ ಹಾಸಿಗೆಬಟ್ಟೆ ಒದ್ದೆ ಮಾಡಿ ಕಟ್ಟಿದ್ದೇನೆ. ಗಾಳಿಯಲ್ಲಿ ಬಂದದ್ದು ಅದಕ್ಕೆ ಅಂಟಬೇಕು, ಅಂಟಿದ್ದನ್ನು ಪರೀಕ್ಷೆಗೆ ಕಳಿಸುತ್ತೇನೆ. ಅವನು ಟ್ರ್ಯಾಕ್ಟರು ನಿಲ್ಲಿಸಿ, "ಏನ್ ಮೇಡಂ, ಆಸ್ಪತ್ರೆ ಶುರು ಮಾಡಿದ್ರಾ?" ಅಂದ. ನಗುವಾಗ ನನ್ನ ಮುಖ ನೋಡಲಿಲ್ಲ. ಅದನ್ನೂ ಗಮನಿಸಿದ್ದೇನೆ.

ನೀನು ಮರದವನು, ಗಾಳಿ ಮಳೆ ಬಲ್ಲವನು. ನಿನಗೇನನಿಸುತ್ತದೆ?

ಅಕ್ಕ


ಆಗಸ್ಟ್ 30

ಅಕ್ಕಾ,

ತಡವಾಯಿತು. ಎರಡು ಸಲ ಬರೆದು ಹರಿದೆ, ಅಕ್ಷರ ಸರಿ ಬರಲಿಲ್ಲ.

ಪಕ್ಕದವನು ಇರಬಹುದು, ಇಲ್ಲದೆಯೂ ಇರಬಹುದು. ನೋಡದೆ ಯಾರ ಮೇಲೂ ಹೇಳಲು ಬರುವುದಿಲ್ಲ. ಅಷ್ಟು ಕಡಿಮೆ ಇದೆಯಲ್ಲ, ಮುಂದಿನ ಪರೀಕ್ಷೆಯ ಹೊತ್ತಿಗೆ ತಾನೇ ಹೋಗಿಬಿಡಬಹುದು.

ಅದಿರಲಿ, ಪೀಪಾಯಿಯ ಕೆಳಗಿನ ಎರಡು ಪಟ್ಟಿಗಳನ್ನು ನಾನು ಅವಸರದಲ್ಲಿ ಬಿಗಿದಿದ್ದೆ. ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಮುಂದಿನ ತಿಂಗಳು ನಿಮ್ಮ ಕಡೆಗೆ ಬರುವ ಲಾರಿಯವನಿಗೆ ಹೇಳಿದ್ದೇನೆ, ಅವನ ಕೈಯಲ್ಲಿ ಪೀಪಾಯಿ ಕಳಿಸು. ಇಲ್ಲಿ ಸರಿಯಾಗಿ ಬಿಚ್ಚಿ ಕಟ್ಟಿ, ಬೇಕಾದರೆ ಹೊಸ ಮರದಲ್ಲೇ ಅದರ ಜೋಡಿ ಮಾಡಿ ಕಳಿಸುತ್ತೇನೆ. ಅಲ್ಲಿಯವರೆಗೆ ಅದರಲ್ಲಿ ಕಲಕಬೇಡ.

ತಮ್ಮ


ಸೆಪ್ಟೆಂಬರ್ 21

ತಮ್ಮಾ,

ಲಾರಿಯವನನ್ನು ಬರಿಗೈಯಲ್ಲಿ ಕಳಿಸಿದೆ. ಪಟ್ಟಿ ಕೂದಲೆಳೆಯಷ್ಟೂ ಜಾರಿಲ್ಲ, ಬೆರಳಿಟ್ಟು ನೋಡಿದ್ದೇನೆ. ಮೊದಲು ತೊಳೆ ಅಂದೆ, ಆಮೇಲೆ ಕೋಣೆಯಲ್ಲಿಡು ಅಂದೆ, ಈಗ ಕಳಿಸು ಅನ್ನುತ್ತೀಯ. ಅಪ್ಪ ಹೋದಾಗ "ಮನೆ ತೋಟ ನಿನಗೇ ಇರಲಿ, ನನಗೇನೂ ಬೇಡ" ಅಂದವನಿಗೆ ಈಗ ತಾತನ ಪೀಪಾಯಿಯ ಮೇಲೆ ಕಣ್ಣು ಬಿತ್ತೇ? ಬೇಕೆಂದರೆ ಬೇಕು ಅನ್ನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಟ ಬೇಡ. ಚಿಕ್ಕಂದಿನಲ್ಲೂ ನೀನು ಹೀಗೇ. ಜೇನಿನ ಜಾಡಿ ಒಡೆದು ಬೆಕ್ಕಿನ ಮೇಲೆ ಹಾಕಿದೆ, ಪಾಪದ ಬೆಕ್ಕು ಎರಡು ದಿನ ಹೊರಗೆ ಮಲಗಿತು.

ಕೊಯ್ಲು ಮುಗಿಯಿತು. ಹಣ್ಣು ಚಿಕ್ಕದು, ಸಿಹಿ ಗಟ್ಟಿ. ಯಾರ ಮುಂದೆಯೂ ಹೊಗಳಲು ಧೈರ್ಯವಿಲ್ಲ.

ಹಾಸಿಗೆಬಟ್ಟೆಯ ವರದಿ ಬಂತು. ಹೊಗೆಬಂಡಿಯ ಔಷಧ ನಾಲ್ಕು ಬಗೆ ಸಿಕ್ಕಿತು, ನಮ್ಮ ಎಲೆಯಲ್ಲಿದ್ದದ್ದು ಮಾತ್ರ ಇಲ್ಲ. ಹಾಗಾದರೆ ವಿಷ ಬೇಲಿ ದಾಟಿ ಬಂದದ್ದಲ್ಲ, ಒಳಗಿನದು.

ಅಪ್ಪನ ಔಷಧದ ಕೋಣೆಗೆ ಹೋದೆ. ಅದೇ ಔಷಧದ ಕೊನೆಯ ಡಬ್ಬಿಯನ್ನು ಎಲ್ಲಿ ಸುರಿದರೂ ನೆಲ ಕೆಡುತ್ತದೆಂದು ಅಲ್ಲೇ ಇಟ್ಟು ಬೀಗ ಹಾಕಿದ್ದೆ, ನೆನಪಿರಬೇಕು. ಬೀಗ ಹಾಕುವ ಮುಂಚೆ ಕಡ್ಡಿ ಇಳಿಸಿ, ಎಷ್ಟಿದೆ ಎಂದು ಕಡ್ಡಿಯ ಮೇಲೆ ಗೀರು ಹಾಕಿದ್ದೆ. ಈಗ ನಾಲ್ಕು ಬೆರಳು ಕಡಿಮೆ. ಮುಚ್ಚಳದ ದೂಳಿನ ಮೇಲೆ ಬೆರಳಿನ ಗುರುತು. ಬೀಗದ ಕೈ ಎರಡೇ ಇರುವುದು. ಒಂದು ನನ್ನ ಸೊಂಟದಲ್ಲಿ. ಕತ್ತರಿ ಮಸೆಯುವ ಕಲ್ಲು ಆ ಕೋಣೆಯಲ್ಲೇ ಇರುವುದರಿಂದ ಇನ್ನೊಂದು ಅಜ್ಜನ ಹತ್ತಿರ.

ಇದನ್ನು ಬರೆಯಬಾರದೆಂದಿದ್ದೆ. ಆದರೆ ನೀನೇ ಯೋಚಿಸು, ಅವನು ಅಪ್ಪನ ಕಾಲದವನು. ಜೂನಿನಲ್ಲಿ ಹುಳ ಕಂಡಾಗ, "ಹಳೇ ಔಷಧಿ ಒಂದ್ಸಲ ಹೊಡೆದಿದ್ರೆ ಮುಗೀತಿತ್ತು" ಅಂದಿದ್ದ. ತಮಾಷೆಗೆ ಅಂದುಕೊಂಡಿದ್ದೆ.

ಅಕ್ಕ


ಅಕ್ಟೋಬರ್ 4

ಅಕ್ಕಾ,

ಅಜ್ಜ ಅಂಥವನಲ್ಲ. ನಿನಗೂ ಗೊತ್ತು. ಡಬ್ಬಿ ಹಳೆಯದು, ತಗಡು ತುಕ್ಕು ಹಿಡಿದು ಸೋರಿರಬಹುದು. ಅಥವಾ ಆವಿಯಾಗಿರಬಹುದು.

ಅವನನ್ನು ಏನೂ ಕೇಳಬೇಡ. ಈ ತಿಂಗಳ ಕೊನೆಗೆ ನಾನೇ ಬರುತ್ತೇನೆ, ಕೂತು ಮಾತಾಡೋಣ. ಅಲ್ಲಿಯವರೆಗೆ ತಡೆದುಕೊ, ನನ್ನಾಣೆ. ಪೀಪಾಯಿ ನನಗೆ ಬೇಡ, ಅದರ ಮೇಲೆ ಆಸೆಯಿಲ್ಲ. ಅದನ್ನೂ ಬಂದು ಹೇಳುತ್ತೇನೆ.

ತಮ್ಮ


ಅಕ್ಟೋಬರ್ 28

ತಮ್ಮಾ,

ನೀನು ಬರಲಿಲ್ಲ. ದೊಡ್ಡ ಕೆಲಸ ಬಂದಿದೆ, ಬಿಡುವಿಲ್ಲ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ನಾನು ಕಾಯುವಷ್ಟು ಕಾದೆ. ನಿನ್ನೆ ಅಜ್ಜನನ್ನು ಕಳಿಸಿಬಿಟ್ಟೆ.

ಕ್ರಮವಾಗಿ ಹೇಳುತ್ತೇನೆ. ಎಂಟನೇ ತಾರೀಕು ಇಬ್ಬರೂ ಸೇರಿ ಈ ವರ್ಷದ ಕೊಂಬು ಹೂತೆವು. ಎಪ್ಪತ್ತು. ಒಂದೊಂದಕ್ಕೂ ಸಗಣಿ ತುಂಬಿ, ಬಾಯಿ ಕೆಳಗೆ ಮಾಡಿ, ಅವನು ಮಗು ಮಲಗಿಸಿದ ಹಾಗೆ ಜೋಡಿಸಿದ. ಗುಂಡಿ ಮುಚ್ಚಿ ಗುರುತಿಗೆ ಕೋಲು ನೆಟ್ಟ. ಇಷ್ಟು ಪ್ರೀತಿಯಿಂದ ಜೋಡಿಸುವವನು ಇನ್ನೊಂದು ಕಡೆ ಡಬ್ಬಿ ತೆಗೆಯುತ್ತಾನಲ್ಲ ಎಂದುಕೊಂಡೆ. ಎರಡು ದಿನ ಬಿಟ್ಟು, ಅವನು ಊಟಕ್ಕೆ ಹೋದಾಗ, ಆ ಕೋಲನ್ನು ಕಿತ್ತು ಬೇರೆ ಕಡೆ ನೆಟ್ಟೆ. ಯಾರಾದರೂ ಕೊಂಬಿಗೆ ಕೈ ಹಾಕಲು ಬಂದರೆ ಬರೀ ಮಣ್ಣು ಅಗೆಯಲಿ ಎಂದು. ನಗಬೇಡ.

ನಿನ್ನೆ ಬೆಳಗ್ಗೆ ಅವನನ್ನು ಕೋಣೆಗೆ ಕರೆದು ಡಬ್ಬಿ, ಕಡ್ಡಿ, ಗೀರು ಎಲ್ಲ ತೋರಿಸಿದೆ. "ಇದನ್ನ ನೀವು ತೆಗೆದಿದ್ದೀರಾ?" ಅಂದೆ. ಹುಟ್ಟಿದಾಗಿನಿಂದ ಅವನಿಗೆ "ನೀನು" ಅಂದವಳು, ನಿನ್ನೆ "ನೀವು" ಅಂದೆ. ಅವನ ಮುಖ ಬಾಡಿಹೋಯಿತು.

"ಬಳ್ಳಿಗೆ ನಾನು ಹೊಡೆದಿಲ್ಲ ತಾಯಿ" ಅಂದ.

"ಹಾಗಾದ್ರೆ ಡಬ್ಬಿ ಮುಚ್ಚಳ ತೆಗೆದಿದ್ದು ಯಾರು?"

ಕಡ್ಡಿಯನ್ನು ಡಬ್ಬಿಯ ಪಕ್ಕಕ್ಕೆ ಇಟ್ಟು, "ಸಣ್ಣವನನ್ನ ಒಂದು ಮಾತು ಕೇಳಿ ನೋಡು" ಅಂದ. ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಡಲಿಲ್ಲ. ಎಲ್ಲಿಯ ಡಬ್ಬಿ, ಎಲ್ಲಿಯ ನೀನು? ತಪ್ಪು ಮಾಡಿದವನು ಮನೆಯ ಚಿಕ್ಕವನ ಹೆಸರು ಹಿಡಿದು ಕರುಣೆ ಗಿಟ್ಟಿಸುತ್ತಾನೆ ಅನಿಸಿತು.

ಹೋಗುವಾಗ ಅವನ ಚೀಲ ಬಿಚ್ಚಿ ನೋಡಿದೆ. ಹೌದು, ನೋಡಿದೆ. ಎರಡು ಅಂಗಿ, ಕನ್ನಡಕ, ಬಾಚಣಿಗೆ. ಅಪ್ಪ ಕೊಡಿಸಿದ್ದ ಬಳ್ಳಿ ಸವರುವ ಕತ್ತರಿ, ಅವನು ಸೊಂಟದಿಂದ ಬಿಟ್ಟವನೇ ಅಲ್ಲ, ಅದು ಚೀಲದಲ್ಲೂ ಇರಲಿಲ್ಲ, ಗೂಟದಲ್ಲೂ ಇರಲಿಲ್ಲ. "ಕತ್ತರಿ ಎಲ್ಲಿ?" ಅಂದರೆ, "ಮನೇದು ಮನೇಲೇ ಇದೆ" ಅಂದ. ಇಡೀ ಮನೆ ಹುಡುಕಿದೆ, ಸಿಗಲಿಲ್ಲ. ಅದನ್ನೂ ಯಾರಿಗೋ ಕೊಟ್ಟಿದ್ದಾನೆ.

ಈಗ ಹೇಳು. ನಿನ್ನನ್ನು ನಾನು ಏನು ಕೇಳಬೇಕು?

ಅಕ್ಕ


ನವೆಂಬರ್ 25

ಅಕ್ಕಾ,

ಕೈಗೆ ಉಳಿ ತಗುಲಿ ಹದಿನೈದು ದಿನ ಬರೆಯಲಾಗಲಿಲ್ಲ. ಈಗ ವಾಸಿ. ಇಲ್ಲಿ ಚಳಿ ಶುರುವಾಗಿದೆ. ಬೆಂಕಿಯ ಹತ್ತಿರ ಕೆಲಸವಾದ್ದರಿಂದ ನಮಗೆ ಪರವಾಗಿಲ್ಲ.

ಅಜ್ಜ ಎಲ್ಲಿದ್ದಾನೆ? ಮಗಳ ಮನೆಯಲ್ಲೇ? ವಿಳಾಸ ಇದ್ದರೆ ಕಳಿಸು.

ಪೀಪಾಯಿಯಲ್ಲಿ ಕಲಕಬೇಡ ಅಕ್ಕ. ಯಾಕೆ ಎಂದು ಕೇಳಬೇಡ, ನನಗೋಸ್ಕರ.

ತಮ್ಮ


ಜನವರಿ 11

ತಮ್ಮಾ,

ಎರಡನೇ ವರದಿ ಬಂತು. ಮೊದಲು ಎಲೆಯಲ್ಲಿ ಸಿಕ್ಕಿದ್ದಕ್ಕಿಂತ ಮೂರು ಪಟ್ಟು ನೆಲದಲ್ಲಿ. ಪ್ರಮಾಣಪತ್ರ ಇಲ್ಲ.

ನಾನು ಏನು ಮಾಡಿದ್ದೆ ಗೊತ್ತೇ? ಅಜ್ಜ ಕೆಡಿಸಿದ್ದನ್ನು ನಾನು ವಾಸಿಮಾಡುತ್ತೇನೆ ಎಂದು, ಉಳಿದಿದ್ದ ಹಳೆಯ ಕೊಂಬಿನ ಗೊಬ್ಬರವನ್ನು ತಪಾಸಣೆಯಮ್ಮ ಬರುವ ಮುಂಚೆ ನಾಲ್ಕು ಸಲ ಹಾಕಿದೆ. ಯಾರನ್ನೂ ಕರೆಯಲಿಲ್ಲ. ಒಬ್ಬಳೇ ಕಲಕಿದೆ, ಪ್ರತಿ ಸಲ ಪೂರ್ತಿ ಗಂಟೆ. ರೆಟ್ಟೆ ಬಿದ್ದುಹೋಗುತ್ತಿತ್ತು, ಆದರೂ ಸುಳಿಯ ತಳ ನೋಡುತ್ತ ನೋಡುತ್ತ ಮನಸ್ಸು ಹಗುರಾಗುತ್ತಿತ್ತು. ನಿನ್ನ ಮಾತು ಕೇಳಿ ಪೀಪಾಯಿ ಬಿಡಲಿಲ್ಲ. ನೀನು ಕಾರಣ ಹೇಳದೆ ಬೇಡ ಅಂದರೆ ನಾನು ಬೇಕು ಅನ್ನುತ್ತೇನೆ, ಅದು ನನ್ನ ಹಣೆಬರಹ.

ಅಜ್ಜ ಹೋಗಿ ಎರಡೂವರೆ ತಿಂಗಳಾಯಿತು. ಡಬ್ಬಿಯನ್ನು ಪೇಟೆಯ ವಿಷದ ಕಸ ತೆಗೆದುಕೊಳ್ಳುವ ಕಡೆಗೆ ಆಗಲೇ ಕೊಟ್ಟುಬಂದೆ. ಬೇಲಿ ಭದ್ರವಾಗಿದೆ. ಒಳಗಿರುವವಳು ನಾನೊಬ್ಬಳೇ. ಹಾಗಾದರೆ ಯಾರು? ಮೊನ್ನೆಯಿಂದ ನನ್ನ ಮೇಲೇ ಅನುಮಾನ ಬಂದಿದೆ. ಮೈಮರೆತು ನಾನೇ ಏನಾದರೂ ಮಾಡುತ್ತಿದ್ದೇನೆಯೇ? ಅಪ್ಪನ ಹಳೆಯ ಕೋಟು ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದೆ, ಅದನ್ನು ಸುಟ್ಟೆ. ಚಪ್ಪಲಿ ಸುಟ್ಟೆ. ಕೈಯನ್ನು ದಿನಕ್ಕೆ ಹತ್ತು ಸಲ ಉಜ್ಜಿ ಉಜ್ಜಿ ಚರ್ಮ ಸುಲಿದಿದೆ. ನಿನ್ನೆ ವೈದ್ಯರ ಹತ್ತಿರ ಹೋಗಿ, "ಮನುಷ್ಯರಿಗೆ ತಾವು ಮಾಡಿದ್ದೇ ಗೊತ್ತಾಗದ ಕಾಯಿಲೆ ಇದೆಯಾ?" ಎಂದು ಕೇಳಿದೆ. ಅವರು ನನ್ನ ಕೈ ನೋಡಿ ಮುಲಾಮು ಬರೆದುಕೊಟ್ಟರು.

ಮುಟ್ಟಿದ್ದೆಲ್ಲ ಕೆಡುತ್ತದೆ ಅನಿಸುತ್ತಿದೆ. ತೋಟ ಮಾರಿಬಿಡಲೇ?

ಅಕ್ಕ


ಜನವರಿ 17

ಅಕ್ಕಾ,

ನೀನಲ್ಲ. ನಿನ್ನ ಕೈಯಲ್ಲಿ ಏನೂ ಇಲ್ಲ. ಉಜ್ಜುವುದನ್ನು ನಿಲ್ಲಿಸು. ವಿಷ ಇರುವುದು ಪೀಪಾಯಿಯಲ್ಲಿ, ಹಾಕಿದವನು ನಾನು.

ಫೆಬ್ರವರಿಯಲ್ಲಿ ಬಿಚ್ಚಿ ನೋಡಿದಾಗಲೇ ಅದು ಸೌದೆ ಎಂದು ಗೊತ್ತಾಯಿತು. ಹಲಗೆ ಹಲಗೆಗೂ ಮರದ ಹುಳ, ಉಗುರು ಇಟ್ಟರೆ ಪುಡಿ ಉದುರುತ್ತಿತ್ತು. ಆದರೆ ನೀನು ಅದರ ಹೊಟ್ಟೆ ತಟ್ಟಿ ತಟ್ಟಿ, "ತಾತ ಇದರಲ್ಲೇ ಮೊದಲ ವೈನ್ ಮಾಡಿದ್ದಂತೆ" ಎಂದು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದೆ. ಹೇಳಲು ಬಾಯಿ ಬರಲಿಲ್ಲ. ನನ್ನ ಕೈಯಲ್ಲಿ ಆಗದ ಪೀಪಾಯಿ ಇದೆ ಎಂದು ಒಪ್ಪಿಕೊಳ್ಳಲು ಅಹಂಕಾರವೂ ಬಿಡಲಿಲ್ಲ. ನೀನು ಕಸಾಯಿಖಾನೆಗೆ ಕೊಂಬು ಆರಿಸಲು ಹೋದ ಎರಡು ದಿನ ಅಪ್ಪನ ಡಬ್ಬಿ ತೆಗೆಸಿದೆ. ಹಲಗೆಗಳ ಒಳಗೂ ಹೊರಗೂ ಬಳಿದೆ. ಹುಳ ಸತ್ತವು. ಮೇಲ್ಪದರ ಕೆತ್ತಿದೆ, ಬೆಂಕಿ ಕಾಯಿಸಿದೆ. ಎಲ್ಲ ಸುಟ್ಟುಹೋಯಿತು ಎಂದು ನಂಬಲು ನೋಡಿದೆ. ಹುಳ ಕೊರೆದ ತೂತುಗಳೊಳಗೆ ಅದು ಕೂತಿತ್ತು. ನೀನು ಗಂಟೆಗಟ್ಟಲೆ ಮಳೆನೀರು ತಿರುಗಿಸಿ ತಿರುಗಿಸಿ ಅದನ್ನು ಹೊರಗೆ ಎಳೆದೆ. ಆಗಸ್ಟಿನ ನಿನ್ನ ಪತ್ರದಲ್ಲಿ ಔಷಧದ ಸುದ್ದಿ ಓದಿದ ಕ್ಷಣ ನನಗೆ ಎಲ್ಲ ಗೊತ್ತಾಯಿತು.

ಕೋಣೆಯ ಬೀಗ ತೆಗೆದುಕೊಟ್ಟವನು ಅಜ್ಜ. ಮುಚ್ಚಳ ಹಿಡಿದುಕೊಂಡೇ, "ಅಕ್ಕಂಗೆ ಒಂದು ಮಾತು ಹೇಳಿಬಿಡು ಸಣ್ಣವನೇ, ಅವಳು ಬೇಡ ಅಂದ್ರೆ ಬಿಟ್ಟುಬಿಡೋಣ" ಅಂದ. ನಾನು, "ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ" ಎಂದು ಮಾತು ತೆಗೆದುಕೊಂಡೆ. ಅವನು ಮಾತು ಉಳಿಸಿಕೊಂಡ. ನಾನು ಹೇಳುತ್ತೇನೆಂದು ಕಾದ, ಚೀಲ ಬಿಚ್ಚಿಸಿಕೊಂಡ, ಹೋದ. ನಿನ್ನ ಆ ಪತ್ರ ಬಂದ ದಿನ ಬರೆಯಬೇಕಿತ್ತು. ಕೈಗೆ ಉಳಿ ತಗುಲಿರಲಿಲ್ಲ ಅಕ್ಕ. ಅದೂ ಸುಳ್ಳು.

ಜೇನಿನ ಜಾಡಿಯ ಮಾತು ನೀನು ಬರೆದಾಗ ಹೆಗಲು ಮುಟ್ಟಿ ನೋಡಿಕೊಂಡೆ. ಅಂದು ಬೆಕ್ಕಿಗೆ ಬಾಯಿರಲಿಲ್ಲ. ಈ ಸಲ ಇತ್ತು, ಆದರೂ ಅದು ಆಡಲಿಲ್ಲ.

ತೋಟ ಮಾರಬೇಡ. ನನಗೆ ಏನು ಶಿಕ್ಷೆ ಬೇಕಾದರೂ ಬರೆ.

ತಮ್ಮ


ಫೆಬ್ರವರಿ 20

ಅಕ್ಕಾ,

ಒಂದು ತಿಂಗಳಾಯಿತು. ಪತ್ರ ತಲುಪಿತೇ, ಇಲ್ಲವೇ ಎಂದಾದರೂ ಒಂದು ಸಾಲು ಬರೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಬಯ್ದಾದರೂ ಬರೆ.

ತಮ್ಮ


ಏಪ್ರಿಲ್ 6

ತಮ್ಮಾ,

ತಲುಪಿತ್ತು. ಬರೆಯಲು ಕೂತರೆ ಬರೀ ಬಯ್ಗುಳ ಬರುತ್ತಿತ್ತು, ಅದಕ್ಕೆ ಕೂರಲಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆಂದು ಈಗಲೂ ಬರೆಯಲಾರೆ. ಆದರೆ ನನಗೆ ನಿಜ ಹೇಳಲು ನೀನು ಹೆದರುವಂತೆ ನಾನೂ ಇದ್ದೆ. ಸತ್ಯ ಹೇಳಿದವನ ಚೀಲವನ್ನೇ ಬಿಚ್ಚಿ ನೋಡುವವಳಿಗೆ ಯಾರು ತಾನೇ ಹೇಳುತ್ತಾರೆ?

ತಪಾಸಣೆಯಮ್ಮನಿಗೆ ನಾನೇ ಹೋಗಿ ಪೀಪಾಯಿಯ ಕಥೆ ಹೇಳಿದೆ. ಅವಳು ಎರಡು ಸಲ ಕೇಳಿಸಿಕೊಂಡಳು. ಮತ್ತೆ ಮೊದಲ ವರ್ಷದಿಂದ ಶುರು. ಕೊಂಬಿನ ಗೊಬ್ಬರದಲ್ಲಿ ಒಂದು ಚೂರೂ ದೋಷವಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು, ಅಷ್ಟೆ.

ಮಾರ್ಚ್ ಕೊನೆಗೆ ಕೊಂಬು ತೆಗೆಯಲು ಹೋದೆ. ಕೋಲನ್ನು ಕಿತ್ತು ಬೇರೆ ಕಡೆ ನೆಟ್ಟಿದ್ದು ನೆನಪಿತ್ತು, ಎಲ್ಲಿಂದ ಕಿತ್ತೆ ಎನ್ನುವುದು ಮರೆತುಹೋಗಿತ್ತು. ಚಳಿಗಾಲದಲ್ಲಿ ನೆಲವೆಲ್ಲ ಒಂದೇ ಸಮ ಹುಲ್ಲು ಹಿಡಿದಿತ್ತು. ಹೆಗ್ಗಣದ ಹಾಗೆ ಒಂಬತ್ತು ಕಡೆ ಅಗೆದೆ. ಕಳ್ಳನಿಗೆಂದು ಮಾಡಿದ ಉಪಾಯಕ್ಕೆ ನಾನೇ ಬಿದ್ದೆ. ಹೊಗೆಬಂಡಿ ಬೇಲಿಯಿಂದ ಇಣುಕಿ, "ನಿಧಿ ಹುಡುಕ್ತಾ ಇದ್ದೀರಾ ಮೇಡಂ?" ಅಂದ. ಹೌದು ಅಂದೆ.

ಕೊನೆಗೆ ಅಜ್ಜನ ಮಗಳ ಮನೆಗೆ ಹೋದೆ. ಅಲ್ಲಿಗೆ ಹೋಗಲು ಕೊಂಬಿನ ನೆಪ ಬೇಕಾಯಿತು ನೋಡು ನನಗೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಅಜ್ಜ ಕಿಟಕಿಯ ಹತ್ತಿರ ಕೂತು, ಮಗಳ ಹೂಕುಂಡದ ಗಿಡವನ್ನು ಉಗುರು ಕತ್ತರಿಸುವ ಕತ್ತರಿಯಿಂದ ಸವರುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ನನಗೆ ಅಳು ಬಂತು.

"ಸಣ್ಣವನು ಬರೆದ್ನಾ?" ಅಂದ.

"ಬರೆದ. ಜನವರೀಲಿ."

"ಹೇಳೇ ಹೇಳ್ತಾನೆ ಅಂತ ಗೊತ್ತಿತ್ತು. ಸ್ವಲ್ಪ ನಿಧಾನ, ಅಷ್ಟೆ" ಅಂದ. ಜನವರಿಯಲ್ಲಿ ಗೊತ್ತಾದವಳು ಮಾರ್ಚ್ ಕೊನೆಗೆ ಯಾಕೆ ಬಂದೆ ಎಂದು ಕೇಳಲಿಲ್ಲ. "ಕೊಂಬು ತೆಗೆದ್ಯಾ?" ಎಂದು ಕೇಳಿದ.

ಕೋಲಿನ ವಿಷಯ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನೇ, "ಕೋಲಿನ ಹತ್ರ ಅಗೀಬೇಡ. ನೀನು ಕಿತ್ತು ನೆಟ್ಟಿದ್ದು ನೋಡಿದ್ದೆ. ಮೂರನೇ ಸಾಲು, ಕಲ್ಲುಕಂಬದಿಂದ ಹನ್ನೊಂದು ಹೆಜ್ಜೆ. ನಿನ್ನ ಹೆಜ್ಜೆ, ನಂದಲ್ಲ" ಅಂದ.

ನನ್ನ ಹೆಜ್ಜೆಯಲ್ಲಿ ಅಳೆದಿಟ್ಟಿದ್ದ, ತಮ್ಮಾ. ತಾನು ಇರುವುದಿಲ್ಲ ಎಂದು ಆಗಲೇ ಅವನಿಗೆ ಗೊತ್ತಿತ್ತು.

ಬಂದು ಅಗೆದೆ. ಒಂದು ಗೇಣು ಕೆಳಗೆ ಎಣ್ಣೆ ಸವರಿದ ಬಟ್ಟೆಯ ಗಂಟು ಸಿಕ್ಕಿತು, ಅದರೊಳಗೆ ಕತ್ತರಿ. ಒಂದು ಚುಕ್ಕಿ ತುಕ್ಕಿಲ್ಲ. ಅದರ ಕೆಳಗೆ ಎಪ್ಪತ್ತು ಕೊಂಬು, ಅವನು ಜೋಡಿಸಿದ ಹಾಗೆಯೇ. ಮನೆಯದು ಮನೆಯಲ್ಲೇ ಇದೆ ಎಂದಿದ್ದ, ನಾನು ಇಡೀ ಮನೆ ಹುಡುಕಿದ್ದೆ. ಆ ಗುಂಡಿಯ ಅಂಚಿನಲ್ಲಿ ಕೂತು ಎಷ್ಟು ಹೊತ್ತು ಅತ್ತೆನೋ ತಿಳಿಯದು. ಕೊಂಬುಗಳನ್ನು ಎಣಿಸಲಿಲ್ಲ. ಎಪ್ಪತ್ತು ಎಂದು ಈಗ ಬರೆದದ್ದು ಅಕ್ಟೋಬರಿನ ಲೆಕ್ಕ.

ಮಾರನೆಯ ದಿನ ಕತ್ತರಿ ಹಿಡಿದುಕೊಂಡು ಮತ್ತೆ ಹೋಗಿ ಕರೆದೆ. "ನೀನು ಬಾ ಅಜ್ಜ" ಅಂದೆ. ಕತ್ತರಿಯನ್ನು ನೋಡಿದ, ಮುಟ್ಟಲಿಲ್ಲ. "ಬರ್ತೀನಿ ತಾಯಿ. ಸಣ್ಣವನು ಬಂದು ಅಂಗಳದಲ್ಲಿ ನಿಂತು, ನಿನ್ನೆದುರಿಗೆ, ನನ್ನೆದುರಿಗೆ ಬಾಯಿಬಿಟ್ಟು ಹೇಳಲಿ. ಕಾಗದದಲ್ಲಿ ಹೇಳಿದ್ದು ನಿನಗೆ ಆಯ್ತು. ನಂಗೆ ಓದೋಕೆ ಬರಲ್ಲ" ಅಂದ.

ಶಿಕ್ಷೆ ಕೇಳಿದ್ದೆಯಲ್ಲ, ಇದೇ. ಪೀಪಾಯಿ ಅಂಗಳದಲ್ಲಿ ಬೋರಲು ಬಿದ್ದಿದೆ. ಸುಟ್ಟರೆ ಹೊಗೆಯೂ ವಿಷ. ನೀನೇ ಬಂದು ಹಲಗೆ ಹಲಗೆ ಬಿಚ್ಚಿ, ಡಬ್ಬಿ ಕೊಟ್ಟ ಕಡೆಗೇ ಕೊಟ್ಟು ಬರಬೇಕು. ಬಳ್ಳಿಗಳು ಅರ್ಧ ತೋಟದಲ್ಲಿ ಸವರದೆ ನಿಂತಿವೆ. ನಾನು ಅಡುಗೆಮನೆಯ ಕತ್ತರಿಯಲ್ಲಿ ಎರಡು ಸಾಲು ಸವರಿದೆ, ತಡವಾಗಿ ಕೊಯ್ದದ್ದಕ್ಕೆ ತುದಿತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಅಜ್ಜನ ಕತ್ತರಿ ಗೂಟಕ್ಕೆ ತೂಗುಹಾಕಿದ್ದೇನೆ, ಅದನ್ನು ನಾನು ಮುಟ್ಟುವುದಿಲ್ಲ.

ಬರುವ ದಿನ ಬರೆದು ತಿಳಿಸಬೇಡ. ತಿಳಿಸಿದರೆ, ಬರುತ್ತೀಯೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಅನುಮಾನಪಡುತ್ತೇನೆ. ಸುಮ್ಮನೆ ಬಾ.

ಅಕ್ಕ